ಧೈರ್ಯ ಬರುವ ತನಕ ಹಿಂದಿನ ಸೀಟು

ಬ್ರೇಕ್ ಮೇಷ್ಟ್ರು ಎಲ್ಲಿ ಕೂತರೂ ಅವರ ಬಲಗಾಲು ಮಾತ್ರ ಕೂರುತ್ತಿರಲಿಲ್ಲ. ಊಟದ ಮೇಜಿನ ಕೆಳಗೆ, ಕ್ಷೌರದ ಕುರ್ಚಿಯ ಮೇಲೆ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಮಲಗಿದಾಗಲೂ ಅದು ನೆಲವನ್ನೋ ಗಾಳಿಯನ್ನೋ ಒತ್ತುತ್ತಲೇ ಇರುತ್ತಿತ್ತು. ಕಾರು ಕಲಿಸುವ ಶಾಲೆಯಲ್ಲಿ ಅರ್ಧ ಆಯುಷ್ಯವನ್ನು ಪಕ್ಕದ ಸೀಟಿನಲ್ಲಿ ಸವೆಸಿದವರು ಅವರು. ಆ ಸೀಟಿನ ಕಾಲ ಬಳಿ ಮೇಷ್ಟ್ರಿಗೆಂದೇ ಇನ್ನೊಂದು ಬ್ರೇಕ್ ಇರುತ್ತದೆ. ಸ್ಟೇರಿಂಗ್ ಹಿಡಿದವರು ಕಣ್ಣು ಮುಚ್ಚಿ ದೇವರನ್ನು ನೆನೆದಾಗ, ದೇವರ ಪರವಾಗಿ ಕೆಲಸ ಮಾಡುವುದು ಅದು. ಹಾಗಾಗಿ ಕಾಲಿಗೆ ಚಟ ಹತ್ತಿತ್ತು. ಟಿವಿಯಲ್ಲಿ ಯಾರಾದರೂ ಓಡಿದರೂ ಸಾಕು, ಮೇಷ್ಟ್ರು ಸೋಫಾದಲ್ಲಿ ಕೂತು ಬ್ರೇಕ್ ಹಾಕುತ್ತಿದ್ದರು. ಸೋಫಾದ ಮುಂದಿನ ಚಾಪೆ ಅಂಗಾಲಿನಗಲ ತೂತು ಬಿದ್ದಿತ್ತು.

"ಲೋ, ಕಾರು ನಿಂತು ಎಷ್ಟೊತ್ತಾಯ್ತು, ಕಾಲು ತೆಗಿಯೋ," ಎಂದು ಅಕ್ಕ ಗದರುತ್ತಿದ್ದರು.

"ನಿಂತಿದ್ರೆ ತೆಗೀತಿದ್ದೆ ಅಕ್ಕ," ಎನ್ನುತ್ತಿದ್ದರು ಮೇಷ್ಟ್ರು.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಊರಿನ ಒಬ್ಬರ ಬಾಯಿಯನ್ನು ಇನ್ನೊಬ್ಬರ ಕಿವಿಗೆ ಜೋಡಿಸಿ ಜೋಡಿಸಿ, ಯಾರಿಗೂ ಜೋಡಿಯಾಗದೆ ಉಳಿದವರು. ತಮ್ಮನನ್ನು ಓದಿಸಿದ್ದು, ಅವನ ಮದುವೆ ಮಾಡಿದ್ದು, ಅವನ ಹೆಂಡತಿ ತೀರಿಕೊಂಡಾಗ ಪೆಟ್ಟಿಗೆ ಹಿಡಿದು ಅವನ ಮನೆಗೇ ಬಂದು ನಿಂತದ್ದು ಅವರೇ. ಈಗ ಅವರ ಎರಡೂ ಕಿಡ್ನಿಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದವು. ದಿನ ಬಿಟ್ಟು ದಿನ ಡಯಾಲಿಸಿಸ್. ಒಂದು ಸಲ ತಪ್ಪಿದರೆ ಪಾದ ಬಾತು ಚಪ್ಪಲಿಗೆ ಹೋಗುತ್ತಿರಲಿಲ್ಲ, ಎರಡು ಸಲ ತಪ್ಪಿದರೆ ಮಲಗಿದಲ್ಲಿ ಉಸಿರು ಸಿಗುತ್ತಿರಲಿಲ್ಲ.

ಮೊದಲು ಆಸ್ಪತ್ರೆ ಅವರ ಬೀದಿಯ ಕೊನೆಯಲ್ಲೇ ಇತ್ತು. ಗೋಡೆ ಪಾಚಿ ಕಟ್ಟಿದ್ದರೂ ನಡೆದು ಹೋಗುವಷ್ಟು ಹತ್ತಿರ. ಒಂದು ಕಂಪನಿ ಅದನ್ನು ಕೊಂಡಿತು, ಆ ಜಾಗದಲ್ಲಿ ಅಂಗಡಿಗಳ ಮಹಲು ಕಟ್ಟಿತು, ಆಸ್ಪತ್ರೆಯನ್ನು ಹೆದ್ದಾರಿಯ ಆಚೆ ಬಯಲಿಗೆ ಎತ್ತಿ ಹಾಕಿತು. ಹೊಸ ಆಸ್ಪತ್ರೆಗೆ ಗಾಜಿನ ಮೈ, ಮುಂದೆ ಮೈದಾನದಷ್ಟು ದೊಡ್ಡ ಪಾರ್ಕಿಂಗ್. ಕಾರು ಹತ್ತಿರ ಬಂದರೆ ತಾನಾಗಿ ಏಳುವ ಗೇಟಿನ ಕೋಲು, ಮನುಷ್ಯ ಬಂದು ನಿಂತರೆ ಅಲುಗುತ್ತಿರಲಿಲ್ಲ. ಕಬ್ಬಿಣದ ವಾಸನೆ ಬಡಿಯಬೇಕು ಅದಕ್ಕೆ. ರೋಗಿಗಳು ಬಗ್ಗಿ ಕೋಲಿನ ಅಡಿಯಿಂದ ನುಸುಳಬೇಕಿತ್ತು. ಸೊಂಟ ನೋವಿಗೆ ಬಂದವರಿಗಂತೂ ಚಿಕಿತ್ಸೆ ಅಲ್ಲಿಂದಲೇ ಶುರು.

ಅಲ್ಲಿಗೆ ಒಂದು ಬಸ್ಸಿತ್ತು. ಬಸ್ಸುಗಳನ್ನೂ ಖಾಸಗಿಯವರಿಗೆ ವಹಿಸಿದ ಮೇಲೆ, ಆ ದಾರಿಯಲ್ಲಿ ಲಾಭವಿಲ್ಲವೆಂದು ಅದು ನಿಂತಿತು. ಬಸ್ಸಿಲ್ಲದೆ ಜನ ಬಸವಳಿದರು. ಇದ್ದವರು ಕಾರು ಕೊಂಡರು. ಕಾರು ಹೆಚ್ಚಾದವೆಂದು ರಸ್ತೆ ಅಗಲವಾಯಿತು, ರಸ್ತೆ ಅಗಲವಾಯಿತೆಂದು ಕಾರು ಇನ್ನೂ ಹೆಚ್ಚಾದವು. ಇಲ್ಲದವರ ಪಾಲಿಗೆ ಉಳಿದ ಕಾರು ತಿರಸ್ಕಾರವೊಂದೇ.

ಅಕ್ಕ ಮೊದಲ ಸಲ ನಡೆದೇ ಹೋಗಲು ನೋಡಿದರು. ಅರ್ಧ ಹೆದ್ದಾರಿ ದಾಟಿ ನಡುವಿನ ಡಿವೈಡರ್ ಹತ್ತಿದರು. ಅಲ್ಲಿಂದ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಎರಡೂ ಕಡೆ ಕಾರುಗಳು ಮೂತಿಗೆ ಬಾಲ ಅಂಟಿಸಿಕೊಂಡು ಹರಿಯುತ್ತಿದ್ದವು. ಡಿವೈಡರಿನ ಉದ್ದಕ್ಕೂ ಹೂವಿನ ಗಿಡ ನೆಟ್ಟಿದ್ದರು. ಅವುಗಳಿಗೆ ನೀರುಣಿಸಲು ಟ್ಯಾಂಕರೊಂದು ನಿಧಾನವಾಗಿ ಬಂತು, ಮೇಲೆ ಕೂತವನು ಪೈಪು ಹಿಡಿದು ಗಿಡಗಳ ಜೊತೆಗೆ ಅಕ್ಕನಿಗೂ ನೀರು ಹಾಕಿದ. ಮೇಷ್ಟ್ರು ಪಾಠ ಮುಗಿಸಿ ಶಾಲೆಯ ಕಾರಿನಲ್ಲಿ ಆ ದಾರಿಯಾಗಿ ಬಂದಾಗ ಅಕ್ಕ ಕೈಚೀಲ ಅಪ್ಪಿಕೊಂಡು, ತೊಟ್ಟಿಕ್ಕುತ್ತಾ ನಿಂತಿದ್ದರು.

"ಗಿಡಕ್ಕಾದ್ರೂ ಯಾರೋ ಇದ್ದಾರೆ ನೋಡೋ ಈ ರಸ್ತೇಲಿ," ಎಂದರು ಹಿಂದಿನ ಸೀಟಿಗೆ ಹತ್ತುತ್ತಾ.

ಮೇಷ್ಟ್ರು ಹರಿಯುವ ಕಾರುಗಳತ್ತ ನೋಡಿದರು. ಆ ಕಾರುಗಳಲ್ಲಿ ಎಷ್ಟೋ ಜನ ಅವರ ಶಿಷ್ಯರೇ. ತಿರುವಿನಲ್ಲಿ ಕೈ ತೋರಿಸದವನು ಒಬ್ಬ, ಕನ್ನಡಿ ಇರುವುದು ತಲೆ ಬಾಚಲೆಂದು ತಿಳಿದವಳು ಒಬ್ಬಳು; ಮೇಷ್ಟ್ರು ದೂರದಿಂದಲೇ ಎಲ್ಲರ ತಪ್ಪನ್ನು ನೋಡಿ ಇಂಥವರೆಂದು ಹೇಳಬಲ್ಲರು. ಶಿಷ್ಯರೂ ಗುರುತು ಹಿಡಿದು ಹಾರ್ನ್ ಹೊಡೆದು ನಮಸ್ಕರಿಸುತ್ತಿದ್ದರು. ನಿಲ್ಲಿಸುತ್ತಿರಲಿಲ್ಲ, ಅಷ್ಟೆ. ಊರಿಗೆಲ್ಲ ಕಾರು ಕಲಿಸಿದ ಮೇಷ್ಟ್ರ ಮನೆ ಮುಂದೆ ನಿಂತಿದ್ದದ್ದು ಎರಡು ಜೊತೆ ಚಪ್ಪಲಿ.

ಡ್ರೈವಿಂಗ್ ಶಾಲೆಯೂ ಈಗ ಮೊದಲಿನ ಶಾಲೆಯಾಗಿ ಉಳಿದಿರಲಿಲ್ಲ. ಹಳೆಯ ಮಾಲೀಕರು ತೀರಿದ ಮೇಲೆ ಕಾರು ಮಾರುವ ಕಂಪನಿಯೊಂದು ಅದನ್ನು ಕೊಂಡು 'ಅಕಾಡೆಮಿ' ಎಂದು ಬೋರ್ಡು ಹಾಕಿತ್ತು. ಪ್ರತಿ ಕಾರಿಗೂ ಒಂದು ಡಬ್ಬಿ ಕೂರಿಸಿದರು. ಕಾರು ಎಲ್ಲಿದೆ ಎಂಬುದು ಮ್ಯಾನೇಜರ ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತಿತ್ತು. ಪಾಠಕ್ಕಲ್ಲದೆ ಕಾರು ಕದಲುವಂತಿಲ್ಲ, ಹೆಸರು ಹಚ್ಚಿದ ವಿದ್ಯಾರ್ಥಿಯಲ್ಲದೆ ಯಾರೂ ಹತ್ತುವಂತಿಲ್ಲ. ಅಕ್ಕ ತೊಯ್ದು ಬಂದ ದಿನವೇ ಮ್ಯಾನೇಜರ್ ಮೇಷ್ಟ್ರನ್ನು ಕರೆದು, "ಅಂಕಲ್, ನಿಮ್ಮ ಚುಕ್ಕಿ ಆಸ್ಪತ್ರೆ ಹತ್ರ ಏನು ಮಾಡ್ತಿತ್ತು?" ಎಂದು ಕೇಳಿದ್ದ. ವಯಸ್ಸಿನಲ್ಲಿ ಮೇಷ್ಟ್ರ ಅರ್ಧದಷ್ಟಿದ್ದ ಅವನು, ಬೈಯುವಾಗಲೂ ಅಂಕಲ್ ಎನ್ನುವಷ್ಟು ಸಂಸ್ಕಾರವಂತ.

ಮೇಷ್ಟ್ರ ಕಾಲು ಮೇಜಿನ ಕೆಳಗೆ ಒತ್ತಿತು. ಆಗಲೇ ಅವರ ಕಣ್ಣು ಗೋಡೆಯ ಮೇಲಿನ ಹೊಸ ಪೋಸ್ಟರಿನ ಮೇಲೆ ಬಿದ್ದದ್ದು. ಹಿರಿಯರನ್ನೂ ಗಿರಾಕಿ ಮಾಡಿಕೊಳ್ಳಲು ಕಂಪನಿ ಒಂದು ಉಪಾಯ ಹೂಡಿತ್ತು. ಅರವತ್ತು ದಾಟಿದವರು ಹೆಸರು ಹಚ್ಚಿದರೆ ಸಾಕು, ಬೇರೆಯವರು ಪಾಠ ಕಲಿಯುವಾಗ ಹಿಂದೆ ಕೂತು ಪುಕ್ಕಟೆ ನೋಡಬಹುದು. ಆಮೇಲೆ ಕಲಿಯಬಹುದು, ಆಮೇಲೆ ಕಂಪನಿಯದೇ ಕಾರು ಕೊಳ್ಳಬಹುದು. ಎಷ್ಟು ದಿನ ನೋಡಬಹುದು? ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: 'ಧೈರ್ಯ ಬರುವ ತನಕ ಹಿಂದಿನ ಸೀಟು ನಿಮ್ಮದು!'

ಮರುದಿನ ಅಕ್ಕ ವಿದ್ಯಾರ್ಥಿನಿಯಾದರು. ಅಂದಿನಿಂದ ಮೇಷ್ಟ್ರ 'ಹೆದ್ದಾರಿ ಪಾಠ'ಗಳು ಆಸ್ಪತ್ರೆಯ ಗೇಟಿನವರೆಗೇ ಹೋಗಿ ತಿರುಗತೊಡಗಿದವು. ಸ್ಟೇರಿಂಗ್ ಹಿಡಿದವರು ನಿಜವಾದ ವಿದ್ಯಾರ್ಥಿಗಳು. ಹಿಂದೆ ಕೂತವರು ಆಸ್ಪತ್ರೆಗೆ ಹೊರಟವರು. ಮಧ್ಯಾಹ್ನ ಇನ್ನೊಬ್ಬರ ಪಾಠ ಅದೇ ಗೇಟಿನಿಂದ ಹಿಂದಿರುಗುತ್ತಿತ್ತು.

ಸುದ್ದಿ ಬೀದಿಯಲ್ಲಿ ಹರಡಿತು. ಮಂಡಿ ಬಗ್ಗದ ಟೈಲರಮ್ಮ ಬಂದರು. ಎಡಗಣ್ಣಿಗೆ ಪೊರೆ ಬಂದಿದ್ದ ಗಡಿಯಾರ ರಿಪೇರಿಯ ತಾತ ಬಂದರು. ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡಿಸಿಕೊಳ್ಳಬೇಕಿದ್ದ, ಪಿಂಚಣಿ ಪಡೆದ ಪೋಸ್ಟಣ್ಣ ಬಂದರು. ಇಷ್ಟು ಉತ್ಸಾಹದ, ಇಷ್ಟು ಮಂದ ವಿದ್ಯಾರ್ಥಿಗಳನ್ನು ಅಕಾಡೆಮಿ ಹಿಂದೆಂದೂ ಕಂಡಿರಲಿಲ್ಲ. ವಾರ ವಾರ ಮ್ಯಾನೇಜರ್ ಕೇಳುತ್ತಿದ್ದ, "ಅಜ್ಜಿ, ಧೈರ್ಯ ಬಂತಾ?" ಅಕ್ಕ ಕಣ್ಣು ಅರಳಿಸಿ, "ಹತ್ರ ಹತ್ರ ಬಂದಿತ್ತಪ್ಪ, ಒಂದು ಲಾರಿ ನೋಡಿ ಓಡಿಹೋಯ್ತು," ಎನ್ನುತ್ತಿದ್ದರು.

ಆ ದಿನಗಳಲ್ಲಿ ಸ್ಟೇರಿಂಗ್ ಹಿಡಿಯುತ್ತಿದ್ದವಳು ಹೆಚ್ಚಾಗಿ ಬ್ಯಾಂಕಿನ ಹುಡುಗಿ. ಬಸ್ಸು ನಿಂತದ್ದರಿಂದ ಕೆಲಸ ಉಳಿಸಿಕೊಳ್ಳಲು ಕಾರು ಕಲಿಯುತ್ತಿದ್ದಳು.

"ಸಾರ್, ಇವರೆಲ್ಲ ಯಾಕೆ ಹಿಂದೆ? ನಂಗೆ ಇನ್ನೂ ಭಯ ಆಗತ್ತೆ."

"ನಿನ್ನ ನೋಡಿ ಕಲೀತಿದ್ದೀವಮ್ಮ," ಎಂದರು ಗಡಿಯಾರದ ತಾತ. "ನೀನು ನಮ್ಮನ್ನ ನೋಡ್ಬೇಡ, ರಸ್ತೆ ನೋಡು. ನೋಡೋಕೆ ಕಣ್ಣಿರೋಳು ಈ ಕಾರಲ್ಲಿ ನೀನೊಬ್ಳೇ."

"ಕ್ಲಚ್ಚು ಮೆತ್ತಗೆ ಬಿಡು ಮಗಳೇ," ಎಂದರು ಟೈಲರಮ್ಮ. "ಮಿಶಿನ್ ಪೆಡಲ್ ತುಳಿದ ಹಾಗೆ. ಇಲ್ದಿದ್ರೆ ದಾರ ಕಿತ್ತುಹೋಗತ್ತೆ."

"ಯಾರಾದ್ರೂ ರಸ್ತೆ ದಾಟೋಕೆ ನಿಂತಿದ್ರೆ?" ಎಂದು ಮೇಷ್ಟ್ರು ಪಾಠ ಒಪ್ಪಿಸಿಕೊಳ್ಳುತ್ತಾ ಕೇಳುತ್ತಿದ್ದರು.

"ನಿಲ್ಸಬೇಕು ಸಾರ್."

"ಹಿಂದಿನವನು ಹಾರ್ನ್ ಹೊಡೆದ್ರೆ?"

"ಹೊಡ್ಕೊಳ್ಲಿ ಸಾರ್."

ಹೀಗೆ ನಗುನಗುತ್ತಾ ಹೋಗುತ್ತಿದ್ದರೂ ಮೇಷ್ಟ್ರಿಗೆ ನೆಮ್ಮದಿಯಿರಲಿಲ್ಲ. ಹಿಂದಿನ ಸೀಟು ರಬ್ಬರಿನದಲ್ಲ. ಎಷ್ಟು ಒತ್ತಿ ಕೂತರೂ ಮೂವರು. ಪ್ರತಿ ಬೆಳಿಗ್ಗೆ ಬೀದಿಯ ತುದಿಯಲ್ಲಿ ಅದಕ್ಕಿಂತ ಹೆಚ್ಚು ಮುಖಗಳು ಕಾಯುತ್ತಿದ್ದವು. ಯಾರ ನೋವು ಹೆಚ್ಚು, ಯಾರದು ನಾಳೆಯವರೆಗೆ ತಡೆದೀತು ಎಂದು ಡಾಕ್ಟರೂ ಅಲ್ಲದ, ದೇವರೂ ಅಲ್ಲದ ಒಬ್ಬ ಡ್ರೈವಿಂಗ್ ಮೇಷ್ಟ್ರು ನಿರ್ಧರಿಸಬೇಕಿತ್ತು. ಅಕ್ಕನ ಸೀಟು ಮಾತ್ರ ಯಾವತ್ತೂ ಖಾಯಂ. ಅದನ್ನು ಯಾರೂ ಆಡಿ ತೋರಿಸುತ್ತಿರಲಿಲ್ಲ, ಅಕ್ಕನಿಗೆ ಗೊತ್ತಾಗದೆಯೂ ಇರಲಿಲ್ಲ.

ಒಂದು ಬೆಳಿಗ್ಗೆ ಪೋಸ್ಟಣ್ಣ ಕಾರಿನ ಬಾಗಿಲು ಹಿಡಿದಿದ್ದವರು ಅದನ್ನು ಬಿಟ್ಟು, "ನೀವು ಹೋಗಿ ಟೈಲರಮ್ಮ, ನಾನು ಊರೆಲ್ಲ ನಡೆದೋನು," ಎಂದು ಹೊರಟುಬಿಟ್ಟರು. ಹೆದ್ದಾರಿಯ ಅಂಚಿನಲ್ಲಿ ಯಾವುದೋ ಕಾರಿನ ಕನ್ನಡಿ ಅವರ ಮೊಣಕೈಗೆ ಬಡಿದು, ಅವರು ಚರಂಡಿಗೆ ಉರುಳಿದರು. ಅಂದಿನಿಂದ ಅವರು ಮನೆ ಬಿಟ್ಟು ಹೊರಗೆ ಬರಲಿಲ್ಲ. ಎಲ್ಲರ ಬಾಗಿಲಿಗೂ ಹೋಗಿದ್ದ ಮನುಷ್ಯ ತನ್ನ ಬಾಗಿಲು ದಾಟಲು ಹೆದರಿ ಕೂತರು. ಕಾಲಿನ ಹುಣ್ಣು ಹಾಗೇ ಉಳಿಯಿತು, ಬೆಳೆಯಿತು.

ಅತ್ತ ಮ್ಯಾನೇಜರ ಮುಖ ದಿನೇ ದಿನೇ ಅರಳುತ್ತಿತ್ತು. "ಅಂಕಲ್, ಹಿರಿಯರ ಅಡ್ಮಿಷನ್‌ನಲ್ಲಿ ನಾವೇ ಟಾಪ್! ಗ್ರಾಫ್ ನೋಡಿ, ಏಣಿ ಇಟ್ಟ ಹಾಗಿದೆ." ಒಂದು ದಿನ ಫೋಟೋದವನನ್ನು ಕರೆಸಿ, ನಿಂತ ಕಾರಿನಲ್ಲಿ ಅಕ್ಕನನ್ನು ಸ್ಟೇರಿಂಗಿನ ಹಿಂದೆ ಕೂರಿಸಿದ. "ನಗಿ ಅಜ್ಜಿ." ಅಕ್ಕ ನಕ್ಕರು. ಫೋಟೋಗೆ ನಕ್ಕರೆ ಹೋಗುವುದೇನು ಎಂದುಕೊಂಡರು ಮೇಷ್ಟ್ರು.

ಹೋಗುವುದೇನೆಂದು ತಿಳಿದದ್ದು ಅಹವಾಲು ಸಭೆಯ ನೋಟಿಸು ಬಂದಾಗ. ಆಸ್ಪತ್ರೆಯ ಬಸ್ಸನ್ನು ಮತ್ತೆ ಬಿಡಬೇಕೆ, ಹೆದ್ದಾರಿಗೆ ಕಾಲುಸೇತುವೆ ಕಟ್ಟಬೇಕೆ, ಇಲ್ಲ ಆ ಹಣದಲ್ಲಿ ರಸ್ತೆಯನ್ನೇ ಇನ್ನಷ್ಟು ಅಗಲ ಮಾಡಬೇಕೆ ಎಂದು ಸರ್ಕಾರದವರು ಜನರನ್ನು ಕೇಳುತ್ತಾರಂತೆ. ಬೀದಿಯಲ್ಲಿ ಸಂಭ್ರಮ. ಮೇಷ್ಟ್ರೂ ಸಂಭ್ರಮದಲ್ಲೇ ಅಕಾಡೆಮಿಗೆ ಹೋದರು.

"ನಮ್ಮ ಕಂಪನಿಯೂ ಮಾತಾಡತ್ತೆ ಅಂಕಲ್," ಎಂದ ಮ್ಯಾನೇಜರ್. "ನೋಡಿ ಸ್ವಾಮಿ, ಇಲ್ಲಿ ಎಪ್ಪತ್ತರ ಅಜ್ಜಿಯರೂ ಕಾರನ್ನೇ ಆರಿಸ್ಕೊಂಡಿದ್ದಾರೆ, ಬಸ್ಸು ಯಾರಿಗೆ ಬೇಕು, ರಸ್ತೆ ಮಾಡಿ ಅಂತ. ನಿಮ್ಮ ಗ್ರಾಫೇ ನಮ್ಮ ಸಾಕ್ಷಿ. ನಿಮ್ಮ ಅಕ್ಕನ ಕೈಲಿ ಎರಡು ಮಾತು ಆಡಿಸೋಣ. ಅವತ್ತು ಎಲ್ಲರನ್ನೂ ಕಾರಲ್ಲೇ ಕರ್ಕೊಂಡು ಬನ್ನಿ, ಪರ್ಮಿಷನ್ ನಾನು ಕೊಡ್ತೀನಿ."

"ಅವರು ಆರಿಸ್ಕೊಂಡಿಲ್ಲಪ್ಪ..." ಎಂದು ಮೇಷ್ಟ್ರು ಬಾಯಿ ತೆರೆದರು.

"ಬಸ್ಸು ಬಂದ್ರೆ ಈ ಸ್ಕೀಮೇ ಮುಚ್ಚತ್ತೆ ಅಂಕಲ್. ಹಿಂದಿನ ಸೀಟೂ ಹೋಗತ್ತೆ, ಪಕ್ಕದ ಸೀಟೂ ಹೋಗತ್ತೆ. ಯೋಚ್ನೆ ಮಾಡಿ."

ಮೇಷ್ಟ್ರು ಯೋಚನೆ ಮಾಡಿದರು. ಯೋಚಿಸುತ್ತಾ ಮನೆಯವರೆಗೆ ನಡೆದರು. ಯೋಚಿಸುತ್ತಾ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದರು. ಉಪಕಾರಕ್ಕೆಂದು ಹೂಡಿದ ಆಟ ಅಪಕಾರದ ಗ್ಯಾರೇಜಿಗೆ ಹೋಗಿ ನಿಂತಿತ್ತು. ಹಿಂದಿನ ಸೀಟಿಗೆ ಹತ್ತಿಸಿಕೊಂಡ ಒಬ್ಬೊಬ್ಬರನ್ನೂ ಕಂಪನಿ ಬಸ್ಸಿನ ವಿರುದ್ಧದ ಒಂದೊಂದು ಓಟಾಗಿ ಎಣಿಸಿತ್ತು.

"ಸಭೇಲಿ ಸುಮ್ನೆ ನಕ್ಕು ಕೂತ್ಕೊಂಡುಬಿಡು ಅಕ್ಕ," ಎಂದರು ಕೊನೆಗೆ. "ಬಸ್ಸು ಬರತ್ತೋ ಇಲ್ವೋ ದೇವರಿಗೇ ಗೊತ್ತು. ಸಭೆಯ ಮರುದಿನವೇ ನಿನ್ನ ಡಯಾಲಿಸಿಸ್ ಇದೆ. ಇರೋ ಕಾರನ್ನ ಕಳ್ಕೊಂಡ್ರೆ ಹೆಂಗೆ ಹೋಗ್ತೀಯ?"

ಅಕ್ಕ ತಮ್ಮ ಬಾತ ಪಾದವನ್ನು ಬೆರಳಿನಿಂದ ಒತ್ತಿ, ಬಿದ್ದ ಗುಳಿ ತುಂಬಿಕೊಳ್ಳುವುದನ್ನೇ ನೋಡುತ್ತಿದ್ದರು. "ಪೋಸ್ಟಣ್ಣನ್ನ ನೋಡ್ಕೊಂಡು ಬಂದೆ ಇವತ್ತು," ಎಂದರು. "ಬಾಗಿಲು ತೆಗೀಲಿಲ್ಲ. ಒಳಗಿಂದಾನೇ ಚೆನ್ನಾಗಿದ್ದೀನಿ ಹೋಗಿ ಅಂದ್ರು. ವಾಸನೆ ಹೊರಗಡೆವರೆಗೂ ಬರ್ತಿತ್ತು ಕಣೋ."

"ಅದಕ್ಕೆ ನಾನೇನು ಮಾಡ್ಲಿ?" ಮೇಷ್ಟ್ರ ದನಿ ಏರಿತು. "ನನ್ನ ಹತ್ರ ಇರೋದು ಒಂದು ಕಾರು, ಅದೂ ನಂದಲ್ಲ!"

"ಕೂಗ್ಬೇಡ. ಲೈನು ಕ್ಲಿಯರಾಗೇ ಇದೆ," ಎಂದರು ಅಕ್ಕ. ನಗುವುದಾಗಿ ಒಪ್ಪಲಿಲ್ಲ, ನಗುವುದಿಲ್ಲವೆಂದೂ ಹೇಳಲಿಲ್ಲ.

ಬಸ್ಸಿನ ಬಗ್ಗೆ ಚರ್ಚಿಸುವ ಸಭೆಯನ್ನು ಇಟ್ಟದ್ದು ಬಸ್ಸೇ ಹೋಗದ ಜಾಗದಲ್ಲಿ, ಹೆದ್ದಾರಿಯ ಆಚೆ, ಆಸ್ಪತ್ರೆಯ ಪಕ್ಕದ ಹವಾನಿಯಂತ್ರಿತ ಸಭಾಂಗಣದಲ್ಲಿ. ಹಾಗಾಗಿ ಬಸ್ಸು ಬೇಕಾದವರಲ್ಲಿ ಹೆಚ್ಚಿನವರು ಬರಲಾಗದೆ ಉಳಿದರು, ಬೇಡವಾದವರು ಆರಾಮವಾಗಿ ಬಂದು ಕೂತಿದ್ದರು. ಮೇಷ್ಟ್ರು ಅಕ್ಕ, ಟೈಲರಮ್ಮ, ತಾತನನ್ನು ಇಳಿಸಿ, ಕಾರು ನಿಲ್ಲಿಸಿ, ಮಕ್ಕಳು ಕದಿಯುತ್ತಾರೆಂದು ಎಂದಿನ ಅಭ್ಯಾಸದಂತೆ ಕೆಂಪಕ್ಷರದ ಎಲ್ ಬೋರ್ಡನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದರು.

ಗ್ರಾಫ್ ಪರದೆಯ ಮೇಲೆ ಬಂತು. ಅದರ ಪಕ್ಕದಲ್ಲಿ ಗೋಡೆಯಷ್ಟು ದೊಡ್ಡದಾಗಿ, ಸ್ಟೇರಿಂಗ್ ಹಿಡಿದು ನಗುವ ಅಕ್ಕ. ಕಂಪನಿಯವನು ಇಸ್ತ್ರಿ ಮಾಡಿದಂಥ ದನಿಯಲ್ಲಿ, ಈ ಊರಿನ ಹಿರಿಯರು ಸ್ವಾವಲಂಬಿಗಳು, ಬಸ್ಸಿನ ಹಂಗು ಅವರಿಗೆ ಬೇಕಿಲ್ಲ ಎಂದ. ಚಪ್ಪಾಳೆ ಬಿತ್ತು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಕೇಳಿದರು, "ಆ ತಾಯಿ ಬಂದಿದ್ದಾರಾ? ಎರಡು ಮಾತಾಡಲಿ."

ಮೇಷ್ಟ್ರ ಬಲಗಾಲು ನೆಲಕ್ಕೆ ಒತ್ತಿತು. ಅಕ್ಕ ಎದ್ದರು. ಮೈಕು ಕೈಗೆ ಬಂದೊಡನೆ ಬೆನ್ನು ನೆಟ್ಟಗಾಯಿತು, ಹಳೆಯ ದನಿ ಮರಳಿ ಬಂತು.

"ಹಲೋ. ಎಕ್ಸ್‌ಚೇಂಜಿಂದ ಮಾತಾಡ್ತಿದ್ದೀನಿ," ಎಂದರು. ಸಭೆ ನಕ್ಕಿತು. "ಧೈರ್ಯ ಬರೋ ತನಕ ಹಿಂದೆ ಕೂತ್ಕೊಳ್ಳಿ ಅಂತ ಇವರು ಬರೆದಿದ್ರು. ಕೂತೆ. ತುಂಬ ದಿನ ಕೂತೆ. ಇವತ್ತು ಬಂತು ಸ್ವಾಮಿ, ಧೈರ್ಯ." ಮ್ಯಾನೇಜರ್ ಚಪ್ಪಾಳೆಗೆ ಕೈಯೆತ್ತಿದ. "ನನಗೆ ಕಾರು ಓಡ್ಸೋಕೆ ಬರಲ್ಲ. ಕಲಿಯೋ ಆಸೇನೂ ಇಲ್ಲ. ಆ ಫೋಟೋ ತೆಗೆದಾಗ ಕಾರು ನಿಂತಿತ್ತು. ನಾನು ಡಯಾಲಿಸಿಸ್‌ಗೆ ಹೋಗ್ತೀನಿ. ಈಕೆ ಮಂಡಿಗೆ, ಇವರು ಕಣ್ಣಿಗೆ. ಬಸ್ಸಿಲ್ಲ ಅಂತ ಕಾರು ಹತ್ತಿದ್ವಿ. ಕಾರು ಹತ್ತಿದ್ರು, ಅದಕ್ಕೆ ಬಸ್ಸು ಬೇಡ ಅಂತೀರಾ? ಇದ್ಯಾವ ಲೆಕ್ಕ? ಹತ್ತೋಕೆ ಜಾಗ ಸಿಗದೋರು ಮನೇಲಿ ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ಅವರು ನಿಮ್ಮ ಗ್ರಾಫಲ್ಲಿ ಎಲ್ಲಿದ್ದಾರೆ, ತೋರಿಸಿ."

ಪರದೆಯ ಮೇಲಿನ ಅಕ್ಕ ಮಾತ್ರ ನಗುತ್ತಲೇ ಇದ್ದರು. ಮ್ಯಾನೇಜರ್ ತಟ್ಟನೆ ಎದ್ದ. "ಸರ್, ವಯಸ್ಸಾದವರು, ಗೊಂದಲ ಮಾಡ್ಕೊಂಡಿದ್ದಾರೆ. ಅವರ ಇನ್‌ಸ್ಟ್ರಕ್ಟರ್ ಇಲ್ಲೇ ಇದ್ದಾರೆ, ಅವರನ್ನೇ ಕೇಳಿ. ಹೇಳಿ ಅಂಕಲ್, ನಿಮ್ಮ ವಿದ್ಯಾರ್ಥಿಗಳು ತಾನೇ?"

ಎಲ್ಲ ತಲೆಗಳೂ ತಿರುಗಿದವು. ಮೇಷ್ಟ್ರು ಎಷ್ಟು ಜೋರಾಗಿ ನೆಲ ಒತ್ತಿದರೆಂದರೆ ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು. ಹೌದು ಎಂದರೆ ನಾಳೆ ಬೆಳಿಗ್ಗೆ ಕಾರು ಇರುತ್ತದೆ, ಅಕ್ಕ ಡಯಾಲಿಸಿಸ್‌ಗೆ ಹೋಗುತ್ತಾರೆ. ಅದರಾಚೆಗೆ ಯೋಚಿಸಲು ಅವರಿಗೆ ಇಷ್ಟವಿರಲಿಲ್ಲ. ಅಕ್ಕ ಮೈಕು ಹಿಡಿದೇ ನಿಂತಿದ್ದರು, ಆ ಬದಿಯಿಂದ ಯಾರಾದರೂ ಮಾತಾಡಲಿ ಎಂದು ಲೈನಿನಲ್ಲಿ ಕಾಯುವಂತೆ.

"ವಿದ್ಯಾರ್ಥಿಗಳಲ್ಲ ಸಾರ್," ಎಂದರು ಮೇಷ್ಟ್ರು. "ಪ್ಯಾಸೆಂಜರುಗಳು. ನಾನು ಬಸ್ಸು ಓಡಿಸ್ತಿದ್ದೆ. ತುಂಬ ಸಣ್ಣ ಬಸ್ಸು. ಎಲ್ಲರಿಗೂ ಸಾಲಲ್ಲ."

ಗಲಾಟೆಯಾಯಿತು. ಯಾರೋ ಬೈದರು, ಯಾರೋ ಶಿಳ್ಳೆ ಹೊಡೆದರು. ಅಧಿಕಾರಿ ಏನನ್ನೋ ಗೀಚಿಕೊಂಡು, "ಪರಿಶೀಲಿಸುತ್ತೇವೆ," ಎಂದರು. ಆ ಮಾತಿಗೆ ಆಕ್ಸಿಲರೇಟರೂ ಇಲ್ಲ, ಬ್ರೇಕೂ ಇಲ್ಲವೆಂದು ಸಭೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಬಾಗಿಲಲ್ಲಿ ಮ್ಯಾನೇಜರ್ ಕೈ ಚಾಚಿ ನಿಂತಿದ್ದ. "ಕೀ, ಅಂಕಲ್."

ಮೇಷ್ಟ್ರು ಕೀ ಕೊಟ್ಟರು. ಕಂಕುಳಲ್ಲಿದ್ದ ಎಲ್ ಬೋರ್ಡನ್ನು ಕೊಡಲು ಮರೆತರು, ಕೇಳಲು ಅವನೂ ಮರೆತ.

ಹೀಗೆ ನಾಲ್ವರು ಹೆದ್ದಾರಿಯ ತಪ್ಪು ಬದಿಯಲ್ಲಿ ಉಳಿದರು. ಮಧ್ಯಾಹ್ನದ ಬಿಸಿಲು ರಸ್ತೆಯಿಂದ ಮುಖಕ್ಕೆ ಹೊಡೆಯುತ್ತಿತ್ತು.

"ಧೈರ್ಯವೇನೋ ಬಂತು," ಎಂದರು ತಾತ, "ಅದನ್ನ ಹತ್ತಿ ಮನೆಗೆ ಹೋಗೋಕಾಗತ್ತಾ ಅಂತ ನೋಡ್ಬೇಕು."

"ಸುಮ್ನಿರಿ ತಾತ, ನನ್ನ ಮಂಡಿ ಆಗ್ಲೇ ಅಳ್ತಿದೆ," ಎಂದರು ಟೈಲರಮ್ಮ.

ಕಾರುಗಳು ಬರುತ್ತಲೇ ಇದ್ದವು. ಹಾರ್ನ್ ಹೊಡೆದು ಒಬ್ಬ ಶಿಷ್ಯ ನಮಸ್ಕರಿಸಿ ಹೋದ, ಇನ್ನೊಬ್ಬ ಹೋದ. ಒಂದೊಂದು ಕಾರಿಗೂ ಮೇಷ್ಟ್ರ ಬಲಗಾಲು ದಂಡೆಯ ಮಣ್ಣನ್ನು ಒತ್ತುತ್ತಿತ್ತು, ಒಂದೊಂದು ಕಾರೂ ನಿಲ್ಲದೆ ಹೋಗುತ್ತಿತ್ತು. ಇಷ್ಟು ವರ್ಷ ಒತ್ತಿದ ಕಾಲು. ಮೇಷ್ಟ್ರಿಗೆ ಅದರ ಮೇಲೇ ಸಿಟ್ಟು ಬಂತು. ಅದನ್ನೆತ್ತಿ ರಸ್ತೆಗೆ ಇಟ್ಟರು. ಎಲ್ ಬೋರ್ಡನ್ನು ತಲೆಯ ಮೇಲೆ ಎತ್ತಿ ಹಿಡಿದು ಮುಂದಕ್ಕೆ ನಡೆದರು.

"ಲೋ!" ಎಂದು ಅಕ್ಕ ಕೂಗಿದರು.

ಟೈರುಗಳು ಕಿರುಚಿದವು. ಒಂದು ಸಣ್ಣ ಕಾರು ಮೇಷ್ಟ್ರ ಮೊಣಕಾಲಿನ ಮುಂದೆ ಮೂಗೂರಿ ನಿಂತಿತು. ಹಿಂದಿನಿಂದ ಹಾರ್ನುಗಳ ಸಂತೆ. ಗಾಜು ಇಳಿಯಿತು. ಬ್ಯಾಂಕಿನ ಹುಡುಗಿ, ತನ್ನದೇ ಹೊಸ ಕಾರಿನಲ್ಲಿ! ಮುಖ ಬಿಳಿಚಿಕೊಂಡಿತ್ತು.

"ಸಾರ್! ನೀವಾ? ಹೊಡೆದೇಬಿಡ್ತಿದ್ದೆ ಸಾರ್!"

"ಹೊಡೀಲಿಲ್ಲವಲ್ಲಮ್ಮ. ಹಿಂದಿನವನು ಹಾರ್ನ್ ಹೊಡೀತಿದ್ದಾನೆ, ಏನು ಮಾಡ್ತೀಯ?"

ಹುಡುಗಿ ಕಣ್ಣೊರೆಸಿಕೊಂಡಳು. "ಹೊಡ್ಕೊಳ್ಲಿ ಸಾರ್," ಎಂದು ಕಾರನ್ನು ಅಡ್ಡಲಾಗಿ ತಿರುಗಿಸಿ ನಿಲ್ಲಿಸಿದಳು. ಪಕ್ಕದ ಸಾಲಿನ ಕಾರುಗಳೂ ಅನುಮಾನಿಸುತ್ತಾ ನಿಂತವು. ಅಕ್ಕ ಟೈಲರಮ್ಮನ ಕೈ ಹಿಡಿದರು, ಟೈಲರಮ್ಮ ತಾತನ ಅಂಗಿ ಹಿಡಿದರು. ಆಮೆಗಳ ರೈಲಿನಂತೆ ದಾಟಿ ಎಲ್ಲರೂ ಡಿವೈಡರ್ ಹತ್ತಿದರು. ಈಚೆ ಬದಿಯ ಕಾರುಗಳು ತಮಗೇನೂ ಸಂಬಂಧವಿಲ್ಲದಂತೆ ಹರಿಯುತ್ತಿದ್ದವು.

ಹುಡುಗಿ ಕಿಟಕಿಯಿಂದ ತಲೆ ಹಾಕಿ ಕೂಗಿದಳು, "ಅಜ್ಜಿ, ನಾಳೆ ನಿಮಗೆ ಆಸ್ಪತ್ರೆ ಅಲ್ವಾ? ಬ್ಯಾಂಕಿಗೆ ಹೋಗೋ ಮುಂಚೆ ನಾನೇ ಬಿಡ್ತೀನಿ. ಬೆಳಿಗ್ಗೆ ಬರ್ತೀನಿ!"

"ಬಾ ತಾಯಿ, ಒಳ್ಳೇದಾಗ್ಲಿ," ಎಂದು ಕೂಗಿದರು ಅಕ್ಕ. ಆಮೇಲೆ ಸ್ವಲ್ಪ ತಡೆದು, "ಅದರ ಮುಂದಿನ ಸಲ?"

ಹುಡುಗಿ ಬಾಯಿ ತೆರೆದಳು. ಹಾರ್ನುಗಳಲ್ಲಿ ಏನೂ ಕೇಳಲಿಲ್ಲ. ಹಿಂದಿನವನು ಬಂಪರಿಗೆ ತಾಕುವಂತೆ ನುಗ್ಗಿದಾಗ ಅವಳು ಕೈಬೀಸಿ ಹೊರಟುಹೋದಳು.

ದೂರದಲ್ಲಿ ನೀರಿನ ಟ್ಯಾಂಕರು ಗಿಡ ಗಿಡಕ್ಕೂ ನಿಲ್ಲುತ್ತಾ ಬರುತ್ತಿತ್ತು.

"ಅರ್ಧ ಆಯ್ತಲ್ಲೋ," ಎಂದರು ಅಕ್ಕ, ಕೈಚೀಲವನ್ನು ಒದ್ದೆಯಾಗದಂತೆ ಬೆನ್ನ ಹಿಂದೆ ಹಿಡಿಯುತ್ತಾ.

ಮೇಷ್ಟ್ರು ಬೋರ್ಡನ್ನು ಇನ್ನೊಂದು ಕೈಗೆ ಬದಲಿಸಿ, ಬರುವ ಕಾರುಗಳಲ್ಲಿ ತಮ್ಮ ಶಿಷ್ಯರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಾ, ಬಲಗಾಲನ್ನು ಡಿವೈಡರಿನಿಂದ ಕೆಳಗಿಳಿಸಿದರು.